ಒಂದು ಪದವೋ ಎರಡೋ? ‘ಕ್ಲೀವ್’ ಕ್ರಿಯಾಪದದ ಬೇರು ಹುಡುಕುವ ಬಗೆ

1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್‌ನ ಆದಿಕಾಂಡದಲ್ಲಿ ಅಬ್ರಹಾಮನು ಹೋಮಕ್ಕೆ ಬೇಕಾದ ಕಟ್ಟಿಗೆಯನ್ನು ಸೀಳುತ್ತಾನೆ. ಅದೇ ಬೈಬಲ್‌ನ ಇನ್ನೊಂದು ಕಡೆ, ಗಂಡನನ್ನು ಕಳೆದುಕೊಂಡ ರೂತಳು ತವರಿಗೆ ಹಿಂದಿರುಗದೆ ಅತ್ತೆಗೆ ಅಂಟಿಕೊಂಡು ನಿಲ್ಲುತ್ತಾಳೆ. ಒಂದು ಕಡೆ ಸೀಳುವುದು, ಇನ್ನೊಂದು ಕಡೆ ಅಗಲದೆ ಉಳಿಯುವುದು. ಇಂಗ್ಲಿಷ್ ಪಾಠದಲ್ಲಿ ಎರಡಕ್ಕೂ ಬಳಸಿರುವ ರೂಪ ಮಾತ್ರ ಒಂದೇ: ‘ಕ್ಲೇವ್’. ಇದು ‘ಕ್ಲೀವ್’ ಎಂಬ ಕ್ರಿಯಾಪದದ ಹಳೆಯ ಭೂತಕಾಲ ರೂಪ. ಇಂದಿನ ಬರವಣಿಗೆಯಲ್ಲಿ ಅದರ ಕಾಗುಣಿತ ಸಿ, ಎಲ್, ಇ, ಎ, ವಿ, ಇ.

ಒಂದೇ ಪದಕ್ಕೆ ತದ್ವಿರುದ್ಧವಾದ ಎರಡು ಅರ್ಥಗಳು ಹೇಗೆ ಬಂದವು ಎಂಬ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಇಂಗ್ಲಿಷಿನ ವಿಚಿತ್ರಗಳನ್ನು ಪಟ್ಟಿ ಮಾಡುವವರು ಈ ಪದವನ್ನು ಮೊದಲ ಸಾಲಿನಲ್ಲೇ ಇಡುತ್ತಾರೆ. ನನ್ನ ಮಟ್ಟಿಗೆ ಆ ಪ್ರಶ್ನೆಯೇ ತಪ್ಪು. ಇದು ಒಂದು ಪದವೇ ಎಂದು ಮೊದಲು ಕೇಳಬೇಕು. ಅದಕ್ಕೆ ಉತ್ತರವನ್ನು ನೀವೇ, ಮನೆಯಲ್ಲಿ ಕುಳಿತು, ಸಾಕ್ಷ್ಯ ಸಮೇತ ಕಂಡುಕೊಳ್ಳಬಹುದು. ಅದರ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಅನುವಾದ ಮಾಡುವವರು, ಇಂಗ್ಲಿಷ್ ಕಲಿಸುವವರು, ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಹೊರಟವರು ಇದನ್ನು ಬೇರೆ ಪದಗಳಿಗೂ ಬಳಸಿಕೊಳ್ಳಬಹುದು.

ಹೆಜ್ಜೆ 1: ಅರ್ಥ ಓದುವ ಮೊದಲು ನಮೂದುಗಳನ್ನು ಎಣಿಸಿ

ನಿಘಂಟು ತೆರೆದ ಕೂಡಲೇ ನಮ್ಮ ಕಣ್ಣು ಅರ್ಥದ ಕಡೆಗೆ ಓಡುತ್ತದೆ. ಸ್ವಲ್ಪ ತಡೆಯಿರಿ. ತಲೆಪದದ ಪಕ್ಕದಲ್ಲಿ ಚಿಕ್ಕ ಅಂಕಿ ಇದೆಯೇ ನೋಡಿ. ಒಳ್ಳೆಯ ಇಂಗ್ಲಿಷ್ ನಿಘಂಟುಗಳಲ್ಲಿ ‘ಕ್ಲೀವ್’ ಕ್ರಿಯಾಪದಕ್ಕೆ 1 ಮತ್ತು 2 ಎಂದು ಎರಡು ಪ್ರತ್ಯೇಕ ನಮೂದುಗಳಿರುತ್ತವೆ. ಒಂದರಲ್ಲಿ ಸೀಳುವ ಅರ್ಥ, ಇನ್ನೊಂದರಲ್ಲಿ ಅಂಟುವ ಅರ್ಥ. ಒಂದೇ ನಮೂದಿನೊಳಗೆ ಎ, ಬಿ ಎಂದು ಅರ್ಥಗಳನ್ನು ವಿಂಗಡಿಸಿದ್ದರೆ ಅವೆಲ್ಲ ಒಂದೇ ಪದ ಬೆಳೆದು ಪಡೆದ ಅರ್ಥಗಳು ಎಂದು ನಿಘಂಟುಕಾರರು ಭಾವಿಸಿದ್ದಾರೆ. ಬೇರೆ ಬೇರೆ ನಮೂದು ಕೊಟ್ಟಿದ್ದರೆ ಅವು ಬೇರೆ ಬೇರೆ ಪದಗಳು, ಕಾಲಾಂತರದಲ್ಲಿ ಒಂದೇ ರೂಪಕ್ಕೆ ಬಂದು ಸೇರಿದವು ಎಂದು ಹೇಳುತ್ತಿದ್ದಾರೆ. ಆ ಪುಟ್ಟ ಅಂಕಿಯ ಹಿಂದೆ ವರ್ಷಗಟ್ಟಲೆಯ ದುಡಿಮೆ ಇದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಕಂತು 1884ರಲ್ಲಿ ಹೊರಬಂತು, ಕೆಲಸ ಮುಗಿದದ್ದು 1928ರಲ್ಲಿ. ಅಷ್ಟು ವರ್ಷ ಅವರು ಮಾಡಿದ್ದು ಬಹುಪಾಲು ಇಂಥ ವಿಂಗಡಣೆಯನ್ನೇ.

ಕನ್ನಡಿಗರಿಗೆ ಇದು ಹೊಸದೇನೂ ಅಲ್ಲ. ತರಕಾರಿ ‘ಹೆಚ್ಚು’ವುದಕ್ಕೂ ತರಕಾರಿಯ ಬೆಲೆ ‘ಹೆಚ್ಚು’ವುದಕ್ಕೂ ನಂಟಿಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೂರು ಮಾಡಿದರೆ ಸಂಖ್ಯೆ ಜಾಸ್ತಿಯಾಗುತ್ತದೆ, ಆದ್ದರಿಂದ ಹೆಚ್ಚುವುದು ಎಂದರೆ ಕತ್ತರಿಸುವುದು ಎಂದು ಯಾರಾದರೂ ವ್ಯಾಖ್ಯಾನ ಮಾಡಿದರೆ ನಾವು ಒಪ್ಪುವುದಿಲ್ಲ. ಬೆಲೆ ಹೆಚ್ಚುವುದು ಹಳಗನ್ನಡದ ‘ಪೆರ್ಚು’ ಎಂಬುದರಿಂದ ಬಂದದ್ದು. ‘ಕ್ಲೀವ್’ ವಿಷಯದಲ್ಲೂ ಇದೇ ಎಚ್ಚರ ಬೇಕು. ಸೀಳಿದ ಮರದ ಎರಡು ಹೋಳುಗಳು ಅಕ್ಕಪಕ್ಕ ಅಂಟಿಕೊಂಡಂತೆ ಕಾಣುತ್ತವೆ, ಹಾಗಾಗಿ ಎರಡು ಅರ್ಥ ಬಂತು ಎನ್ನುವಂಥ ಕಥೆಗಳು ಕೇಳಲು ಸೊಗಸಾಗಿರುತ್ತವೆ, ಆದರೆ ಅವಕ್ಕೆ ಆಧಾರವಿಲ್ಲ.

ಹೆಜ್ಜೆ 2: ವಾಕ್ಯದಲ್ಲಿ ವಿಭಕ್ತಿ ಕೇಳಿ

ಈಗ ಒಂದು ವಾಕ್ಯವನ್ನು ಹಿಡಿದು ಅದರಲ್ಲಿರುವುದು ಯಾವ ‘ಕ್ಲೀವ್’ ಎಂದು ತೀರ್ಮಾನಿಸಬೇಕು. ಇದಕ್ಕೆ ಕನ್ನಡ ಬಲ್ಲವರ ಕೈಯಲ್ಲಿ ಒಂದು ಒಳ್ಳೆಯ ಸಾಧನವಿದೆ. ಕ್ರಿಯಾಪದದ ಮುಂದಿರುವ ನಾಮಪದವನ್ನು ಕನ್ನಡಕ್ಕೆ ತಂದುನೋಡಿ. ‘ಅನ್ನು’ ಬಂದರೆ ಸೀಳುವುದು. ‘ಗೆ’ ಅಥವಾ ‘ಕ್ಕೆ’ ಬಂದರೆ ಅಂಟುವುದು. ಮರವನ್ನು ಸೀಳಿದ, ಮರಕ್ಕೆ ಅಂಟಿಕೊಂಡ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ‘ಟು’ ಎಂಬ ಪುಟ್ಟ ಪದ ಮಾಡುತ್ತದೆ, ಹಳೆಯ ಬರವಣಿಗೆಯಲ್ಲಿ ‘ಅನ್‌ಟು’. ಅಬ್ರಹಾಮನ ವಾಕ್ಯದಲ್ಲಿ ಕ್ರಿಯಾಪದದ ಬೆನ್ನಿಗೇ ಕಟ್ಟಿಗೆ ಬರುತ್ತದೆ. ರೂತಳ ವಾಕ್ಯದಲ್ಲಿ ನಡುವೆ ‘ಅನ್‌ಟು’ ನಿಂತಿದೆ. ರೂಪ ಒಂದೇ ಆದರೂ ಓದುಗರು ಗೊಂದಲಕ್ಕೆ ಬೀಳದಿರಲು ಇದೇ ಕಾರಣ.

ಒಂದು ಹೊರತನ್ನು ನೆನಪಿಡಿ. ಹಡಗು ನೀರನ್ನು ಸೀಳಿಕೊಂಡು ಹೋಗುವುದನ್ನು ಹೇಳುವಾಗ ‘ಥ್ರೂ’ ಎಂಬ ಪದ ಬರುತ್ತದೆ. ಅದು ಸೀಳುವ ಅರ್ಥವೇ. ‘ಟು’ ಮಾತ್ರ ಅಂಟುವುದರ ಗುರುತು.

ಷೇಕ್ಸ್‌ಪಿಯರ್‌ನಲ್ಲಿ ಎರಡೂ ಸಿಗುತ್ತವೆ, ಅಭ್ಯಾಸಕ್ಕೆ ಬಹಳ ಒಳ್ಳೆಯವು. ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ರಾಣಿ ಗರ್ಟ್ರೂಡ್ ಮಗನಿಗೆ, ನನ್ನ ಎದೆಯನ್ನು ಎರಡಾಗಿ ಸೀಳಿಬಿಟ್ಟೆ ಎನ್ನುತ್ತಾಳೆ. ಅಲ್ಲಿರುವುದು ‘ಕ್ಲೆಫ್ಟ್’. ‘ಮ್ಯಾಕ್‌ಬೆತ್’ ನಾಟಕದ ಮೊದಲ ಅಂಕದಲ್ಲಿ, ಹೊಸ ಪದವಿ ಸಿಕ್ಕಿ ಬೆರಗಾಗಿ ನಿಂತ ಮ್ಯಾಕ್‌ಬೆತ್‌ನನ್ನು ನೋಡಿ ಬ್ಯಾಂಕೋ ಆಡುವ ಮಾತಿದೆ: ಹೊಸ ಗೌರವಗಳು ಹೊಸ ಉಡುಪಿನ ಹಾಗೆ, ತೊಟ್ಟು ತೊಟ್ಟು ರೂಢಿಯಾದ ಮೇಲೆಯೇ ಮೈಗೆ ಅಂಟಿ ಕೂರುವುದು. ಅಲ್ಲಿ ‘ಕ್ಲೀವ್’ ಮತ್ತು ‘ಟು’ ನಡುವೆ ‘ನಾಟ್’ ನುಸುಳಿದೆ. ಇಂಥ ಕಡೆಗಳಲ್ಲಿ ಒಂದು ಪದ ಮುಂದೆ ನೋಡಬೇಕು.

ಹೆಜ್ಜೆ 3: ಭೂತಕಾಲದ ರೂಪಗಳನ್ನು ಸಾಲಾಗಿ ಬರೆಯಿರಿ

ಇಲ್ಲಿಂದ ಕೆಲಸ ನಿಜಕ್ಕೂ ರುಚಿಸತೊಡಗುತ್ತದೆ. ಕಾಗದದ ಮೇಲೆ ಎರಡು ಅಂಕಣ ಮಾಡಿ, ನಿಘಂಟಿನ ಎರಡೂ ನಮೂದುಗಳಿಂದ ರೂಪಗಳನ್ನು ಇಳಿಸಿಕೊಳ್ಳಿ. ಸೀಳುವ ‘ಕ್ಲೀವ್’ಗೆ ಭೂತಕಾಲದಲ್ಲಿ ಕ್ಲೋವ್, ಕ್ಲೆಫ್ಟ್, ಕ್ಲೀವ್ಡ್ ಎಂಬ ಮೂರು ರೂಪಗಳು; ಕೃದಂತವಾಗಿ ಕ್ಲೋವೆನ್, ಕ್ಲೆಫ್ಟ್, ಕ್ಲೀವ್ಡ್. ಅಂಟುವ ‘ಕ್ಲೀವ್’ಗೆ ಇಂದು ಉಳಿದಿರುವುದು ಬಹುಮಟ್ಟಿಗೆ ‘ಕ್ಲೀವ್ಡ್’ ಒಂದೇ.

ಈ ಅಸಮತೋಲವೇ ಸುಳಿವು. ‘ಫ್ರೀಜ್, ಫ್ರೋಜ್, ಫ್ರೋಜನ್’ ಮತ್ತು ‘ಚೂಸ್, ಚೋಸ್, ಚೋಸನ್’ ಎಂಬ ಕ್ರಿಯಾಪದಗಳನ್ನು ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೀರಿ. ಅವುಗಳ ಪಕ್ಕದಲ್ಲಿ ‘ಕ್ಲೀವ್, ಕ್ಲೋವ್, ಕ್ಲೋವೆನ್’ ಇಟ್ಟು ನೋಡಿ. ಒಂದೇ ಅಚ್ಚು. ಒಳಗಿನ ಸ್ವರವನ್ನೇ ಬದಲಿಸಿ ಕಾಲವನ್ನು ಸೂಚಿಸುವ ಈ ಗುಂಪನ್ನು ವ್ಯಾಕರಣಕಾರರು ಪ್ರಬಲ ಕ್ರಿಯಾಪದಗಳು ಎನ್ನುತ್ತಾರೆ. ಜರ್ಮನ್, ಇಂಗ್ಲಿಷ್, ಸ್ಕ್ಯಾಂಡಿನೇವಿಯಾದ ಭಾಷೆಗಳು ಬೇರೆಯಾಗುವ ಮೊದಲಿನಿಂದಲೂ ಇರುವ ಆಸ್ತಿ ಅದು. ಅಂಟುವ ‘ಕ್ಲೀವ್’ ಆ ಗುಂಪಿನದಲ್ಲ. ಅದು ಬಾಲಕ್ಕೆ ‘ಡ್’ ಹಚ್ಚಿಕೊಂಡು ಭೂತಕಾಲವಾಗುವ ಇನ್ನೊಂದು ಗುಂಪಿನದು. ಮೂಲದಲ್ಲಿ ಒಂದೇ ಪದವಾಗಿದ್ದರೆ ಎರಡು ಬಗೆಯ ಗಣಗಳಿಗೆ ಸೇರಬೇಕಾಗಿರಲಿಲ್ಲ.

ಹಾಗಾದರೆ ರೂತಳ ಕಥೆಯಲ್ಲಿ ಅಂಟುವ ಅರ್ಥಕ್ಕೂ ‘ಕ್ಲೇವ್’ ಹೇಗೆ ಬಂತು? 1611ರ ಹೊತ್ತಿಗೆ ಎರಡು ಪದಗಳ ವರ್ತಮಾನ ರೂಪ ಒಂದೇ ಆಗಿಹೋಗಿತ್ತು. ಹಾಗಾದಾಗ ಭೂತಕಾಲದ ರೂಪಗಳೂ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತವೆ. ಸೀಳುವ ಪದಕ್ಕೆ ‘ಕ್ಲೀವ್ಡ್’ ಬಂದದ್ದೂ ಇಂಥದೇ ಹೊಂದಾಣಿಕೆಯಿಂದ. ‘ಕ್ಲೆಫ್ಟ್’ ಕೂಡ ಆಮೇಲೆ ಸೇರಿದ್ದು. ‘ಲೀವ್’ನಿಂದ ‘ಲೆಫ್ಟ್’, ‘ಬಿರೀವ್’ನಿಂದ ‘ಬಿರೆಫ್ಟ್’ ಆದ ಮಾದರಿ ಅದು.

ಹೆಜ್ಜೆ 4: ಸಾವಿರ ವರ್ಷ ಹಿಂದಕ್ಕೆ ಹೋಗಿ

ಈ ಹೆಜ್ಜೆಗೆ ಗ್ರಂಥಾಲಯವೇ ಬೇಕೆಂದಿಲ್ಲ. ಹಳೆಯ ಇಂಗ್ಲಿಷಿಗೆ, ಅಂದರೆ ಸುಮಾರು 1100ರವರೆಗಿನ ಭಾಷೆಗೆ, ಬಾಸ್‌ವರ್ತ್ ಮತ್ತು ಟಾಲರ್ ಅವರ ಆಂಗ್ಲೋ-ಸ್ಯಾಕ್ಸನ್ ನಿಘಂಟು, ಅಲ್ಲಿಂದ ಸುಮಾರು 1500ರವರೆಗಿನ ನಡು ಇಂಗ್ಲಿಷಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ನಿಘಂಟು ಇವೆರಡೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೊಬೈಲಿನಲ್ಲೇ ತೆರೆಯಬಹುದು.

ಹಳೆಯ ಇಂಗ್ಲಿಷಿನಲ್ಲಿ ಸೀಳುವುದಕ್ಕೆ ‘ಕ್ಲೇಓವನ್’, ಅಂಟುವುದಕ್ಕೆ ‘ಕ್ಲಿವಿಯನ್’ ಎಂಬ ಎರಡು ಬೇರೆ ಪದಗಳು ಕಾಣುತ್ತವೆ. ಬರೆಯುವಾಗ ಎರಡರಲ್ಲೂ ಎಫ್ ಅಕ್ಷರವಿರುತ್ತದೆ, ಸ್ವರಗಳ ನಡುವೆ ಬಂದ ಎಫ್ ಅನ್ನು ಆಗ ವಕಾರದಂತೆ ಉಚ್ಚರಿಸುತ್ತಿದ್ದರು. ಅಂಟುವ ಪದಕ್ಕೆ ‘ಕ್ಲೆಓವಿಯನ್’ ಎಂಬ ಮತ್ತೊಂದು ರೂಪವೂ ಇತ್ತು. ಅದು ಮೊದಲ ಪದಕ್ಕೆ ಎಷ್ಟು ಹತ್ತಿರ ಬಂದಿದೆ ನೋಡಿ. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ ಇಂಗ್ಲಿಷಿನ ಪದಾಂತ್ಯಗಳು ಒಂದೊಂದಾಗಿ ಸವೆದುಹೋದವು, ಸಂಯುಕ್ತ ಸ್ವರಗಳು ಸರಳವಾದವು. ನಡು ಇಂಗ್ಲಿಷಿನಲ್ಲಿ ಎರಡೂ ‘ಕ್ಲೇವೆನ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಮುಂದೆ, ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದಾಗ ಏಕಾರ ಈಕಾರವಾಗಿ ಇಂದಿನ ‘ಕ್ಲೀವ್’ ಆಯಿತು.

ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಈ ಬೆರಕೆ ಆಗಲಿಲ್ಲ. ಜರ್ಮನ್‌ನಲ್ಲಿ ಸೀಳುವುದು ‘ಕ್ಲೀಬೆನ್’, ಅಂಟುವುದು ‘ಕ್ಲೇಬೆನ್’. ಡಚ್‌ನಲ್ಲಿ ‘ಕ್ಲೀವೆನ್’ ಮತ್ತು ‘ಕ್ಲೇವೆನ್’. ಸ್ವರ ಇಂದಿಗೂ ಬೇರೆಯಾಗಿಯೇ ಉಳಿದಿದೆ. ಎರಡು ಪದಗಳು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಬೇಕಿಲ್ಲ. ಒಂದು ಇಂಗ್ಲಿಷ್ ಪದದ ಮೂಲ ಗೊಂದಲವೆನಿಸಿದಾಗಲೆಲ್ಲ ಜರ್ಮನ್, ಡಚ್ ರೂಪಗಳನ್ನು ಪಕ್ಕದಲ್ಲಿಟ್ಟು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಹೆಜ್ಜೆ 5: ಧ್ವನಿನಿಯಮಕ್ಕೆ ಒಡ್ಡಿ ನೋಡಿ

ಪದದ ಮೂಲ ಹೇಳುವವರು ಎಲ್ಲೆಲ್ಲೂ ಇದ್ದಾರೆ. ಅವರಲ್ಲಿ ಯಾರನ್ನು ನಂಬಬೇಕು ಎಂಬುದಕ್ಕೆ ಒಂದೇ ಒರೆಗಲ್ಲು ಧ್ವನಿನಿಯಮ. ಈ ಹೆಜ್ಜೆಯ ಮೇಲೆ ನನಗೆ ಅಪಾರ ಪ್ರೀತಿ. ಆದ್ದರಿಂದ ಇಲ್ಲಿ ತುಸು ಹೊತ್ತು ನಿಲ್ಲುತ್ತೇನೆ.

ಕನ್ನಡದಿಂದಲೇ ಶುರು ಮಾಡೋಣ. ಹಳಗನ್ನಡದ ಪಾಲ್, ಪುಲಿ, ಪೂ, ಪೆಸರ್ ಇವು ಇಂದು ಹಾಲು, ಹುಲಿ, ಹೂವು, ಹೆಸರು. ಒಂದೆರಡು ಪದಗಳಲ್ಲಿ ಆಕಸ್ಮಿಕವಾಗಿ ಆದದ್ದಲ್ಲ, ಪದದ ಮೊದಲಿಗಿದ್ದ ಪಕಾರ ಸಾಲುಸಾಲಾಗಿ ಹಕಾರವಾಯಿತು. ತಮಿಳಿನಲ್ಲಿ, ತೆಲುಗಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಇಂದಿಗೂ ಹಾಲು ‘ಪಾಲ್’, ‘ಪಾಲು’. ಧ್ವನಿಬದಲಾವಣೆ ಹೀಗೆ ನಿಯಮಬದ್ಧವಾಗಿರುವುದರಿಂದಲೇ ಭಾಷೆಗಳ ನಂಟನ್ನು ಸಾಬೀತು ಮಾಡಲು ಆಗುವುದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ ಕೋಲ್ಕತ್ತದಲ್ಲಿ ಹೇಳಿದ್ದು 1786ರಲ್ಲಿ. ತಮಿಳು, ತೆಲುಗು, ಕನ್ನಡ ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಒಂದು ಕುಟುಂಬಕ್ಕೆ ಸೇರಿದವು ಎಂದು ಮದ್ರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಪದಪಟ್ಟಿಗಳನ್ನು ಮುಂದಿಟ್ಟು ವಾದಿಸಿದ್ದು 1816ರಲ್ಲಿ. ಪದ ಪದಗಳನ್ನು ಹೀಗೆ ಸಾಲಾಗಿಟ್ಟು ಹೋಲಿಸುವ ವಿಧಾನದ ಕಥೆಯಲ್ಲಿ ನಮ್ಮ ಭಾಷೆಗೂ ಮೊದಲಿನಿಂದ ಪಾಲಿದೆ.

ಇಂಗ್ಲಿಷ್ ಸೇರಿರುವ ಜರ್ಮಾನಿಕ್ ಗುಂಪಿನಲ್ಲಿ ನಡೆದ ಪಲ್ಲಟವನ್ನು ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲಿ ಗುರುತಿಸಿದ. 1822ರಲ್ಲಿ ಯಾಕೋಬ್ ಗ್ರಿಮ್ ಅದನ್ನು ವ್ಯವಸ್ಥಿತವಾಗಿ ನಿರೂಪಿಸಿದ. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯನೇ ಈತ. ನಮಗೆ ಇಲ್ಲಿ ಬೇಕಾದ ನಿಯಮಗಳು ಮೂರು. ಮೂಲದ ಗಕಾರ ಇಂಗ್ಲಿಷಿನಲ್ಲಿ ಕಕಾರವಾಗುತ್ತದೆ: ಸಂಸ್ಕೃತದ ‘ಗೋ’, ಇಂಗ್ಲಿಷಿನ ‘ಕೌ’. ಮೂಲದ ಕಕಾರ ಹಕಾರವಾಗುತ್ತದೆ: ಸಂಸ್ಕೃತದ ‘ಕಃ’, ಇಂಗ್ಲಿಷಿನ ‘ಹೂ’. ಮೂಲದ ಭಕಾರ ಮೊದಲಲ್ಲಿ ಬಕಾರವಾಗಿ, ಸ್ವರಗಳ ನಡುವೆ ವಕಾರವಾಗಿ ಬರುತ್ತದೆ: ‘ಭ್ರಾತೃ’ ‘ಬ್ರದರ್’ ಆದರೆ, ‘ನಾಭಿ’ ‘ನೇವಲ್’ ಆಗಿದೆ, ‘ಲೋಭ’ದ ಧಾತು ‘ಲವ್’ ಆಗಿದೆ.

ಈಗ ‘ಕ್ಲೀವ್’ ಅನ್ನು ಹಿಂದಕ್ಕೆ ತಿರುಗಿಸಿ. ಮೊದಲ ಕಕಾರ ಮೂಲದಲ್ಲಿ ಗಕಾರವಾಗಿರಬೇಕು, ಕೊನೆಯ ವಕಾರ ಭಕಾರವಾಗಿರಬೇಕು. ವಿದ್ವಾಂಸರು ಕೊಡುವ ಧಾತು *ಗ್ಲೆಉಭ್. ಎದುರಿಗಿರುವ ನಕ್ಷತ್ರ ಚಿಹ್ನೆಯನ್ನು ಕಡೆಗಣಿಸಬೇಡಿ. ಆ ರೂಪ ಎಲ್ಲೂ ಬರೆದಿಟ್ಟದ್ದಲ್ಲ, ಬೇರೆ ಬೇರೆ ಭಾಷೆಗಳ ರೂಪಗಳಿಂದ ಲೆಕ್ಕ ಹಾಕಿ ಕಟ್ಟಿದ್ದು ಎಂಬುದಕ್ಕೆ ಅದು ಗುರುತು. ನೆಂಟರು ಎಲ್ಲಿದ್ದಾರೆ ನೋಡೋಣ. ಲ್ಯಾಟಿನ್‌ನಲ್ಲಿ ‘ಗ್ಲೂಬೆರೆ’ ಎಂದರೆ ತೊಗಟೆ ಸುಲಿಯುವುದು. ಗ್ರೀಕ್‌ನಲ್ಲಿ ‘ಗ್ಲೂಫೇನ್’ ಎಂದರೆ ಕೆತ್ತುವುದು. ಇವೆರಡೂ ಭಾಷೆಗಳಲ್ಲಿ ಗಕಾರ ಹಾಗೆಯೇ ಉಳಿದಿದೆ. ಈಜಿಪ್ಟಿನ ಚಿತ್ರಲಿಪಿಗೆ ಇಂಗ್ಲಿಷಿನಲ್ಲಿ ಇರುವ ‘ಹೈರೊಗ್ಲಿಫ್’ ಎಂಬ ಹೆಸರಿನ ಅರ್ಥ ಪವಿತ್ರ ಕೆತ್ತನೆ. ಅದರ ‘ಗ್ಲಿಫ್’ ಇದೇ ಗ್ರೀಕ್ ಪದ. ಅಂದರೆ ಇಂಗ್ಲಿಷಿನಲ್ಲಿ ಒಂದೇ ಧಾತು ಎರಡು ವೇಷದಲ್ಲಿದೆ. ಮನೆಯಲ್ಲೇ ಬೆಳೆದ ಪದಕ್ಕೆ ಕಕಾರ, ಗ್ರೀಕಿನಿಂದ ಎರವಲು ಬಂದ ಪದಕ್ಕೆ ಗಕಾರ.

ಅಂಟುವ ‘ಕ್ಲೀವ್’ ಕೂಡ ಇದೇ ಪರೀಕ್ಷೆಯನ್ನು ದಾಟುತ್ತದೆ, ಆದರೆ ಬೇರೆ ಧಾತುವಿನಿಂದ. ಅದರ ಮೂಲ *ಗ್ಲೆಇ, ಅಂಟು ಎಂಬ ಅರ್ಥದ್ದು. ಜೇಡಿಮಣ್ಣಿಗೆ ಇಂಗ್ಲಿಷರು ಹೇಳುವ ‘ಕ್ಲೇ’ ಅದರದೇ ಕುಡಿ. ಲ್ಯಾಟಿನ್‌ನಲ್ಲಿ ಅಂಟು ‘ಗ್ಲೂಟೆನ್’. ಫ್ರೆಂಚ್ ಮೂಲಕ ಅದೇ ಸಾಲಿನ ಪದ ಇಂಗ್ಲಿಷಿಗೆ ‘ಗ್ಲೂ’ ಆಗಿ ಬಂತು. ಮತ್ತೆ ಅದೇ ಜೋಡಿ: ಸ್ವಂತದ್ದು ‘ಕ್ಲೇ’, ಎರವಲು ‘ಗ್ಲೂ’. ಎರಡು ಧಾತುಗಳು, ಎರಡು ಕುಟುಂಬಗಳು, ಎರಡಕ್ಕೂ ಒಂದೇ ನಿಯಮ.

ಹೆಜ್ಜೆ 6: ನೆಂಟರನ್ನು ಸೇರಿಸಿ, ವೇಷಧಾರಿಗಳನ್ನು ಹೊರಗಿಡಿ

ಸೀಳುವ ಪದದ ಮನೆಯವರು ಯಾರು ಯಾರು? ಮಾಂಸದಂಗಡಿಯ ಅಗಲ ಮಚ್ಚು ‘ಕ್ಲೀವರ್’. ಹಸು, ಮೇಕೆಗಳ ಸೀಳುಗೊರಸು ‘ಕ್ಲೋವೆನ್ ಹೂಫ್’. ಸೀಳುತುಟಿ, ಸೀಳು ಅಂಗುಳಗಳಿಗೆ ‘ಕ್ಲೆಫ್ಟ್’. ಬೆಳ್ಳುಳ್ಳಿಯ ಎಸಳು ‘ಕ್ಲೋವ್’. ಗಡ್ಡೆ ತಾನಾಗಿ ಎಸಳೆಸಳಾಗಿ ಬಿಡಿಸಿಕೊಳ್ಳುವುದರಿಂದ ಆ ಹೆಸರು.

ಆದರೆ ಲವಂಗದ ‘ಕ್ಲೋವ್’ ಈ ಮನೆಯದಲ್ಲ. ಲವಂಗದ ಮೊಗ್ಗು ಮೊಳೆಯ ಆಕಾರದಲ್ಲಿದೆ. ಲ್ಯಾಟಿನ್‌ನಲ್ಲಿ ಮೊಳೆಗೆ ‘ಕ್ಲಾವುಸ್’, ಫ್ರೆಂಚ್‌ನಲ್ಲಿ ‘ಕ್ಲೂ’. ಅಲ್ಲಿಂದ ಬಂದ ಹೆಸರು ಇಂಗ್ಲಿಷಿನಲ್ಲಿ ಬೆಳ್ಳುಳ್ಳಿ ಎಸಳಿನ ಹೆಸರಿನೊಂದಿಗೆ ಒಂದಾಗಿ ಕೂತಿದೆ. ಇಂಗ್ಲಿಷ್ ಅಡುಗೆ ಬರಹವನ್ನು ಕನ್ನಡಕ್ಕೆ ತರುವವರು ಇಲ್ಲಿ ಕಣ್ಣಿಟ್ಟು ನೋಡಬೇಕು. ‘ಗಾರ್ಲಿಕ್’ ಎಂಬ ಪದ ಪಕ್ಕದಲ್ಲಿದ್ದರೆ ಎಸಳು, ಇಲ್ಲದಿದ್ದರೆ ಬಹುತೇಕ ಲವಂಗ. ನಾಲ್ಕು ಎಸಳು ಬೆಳ್ಳುಳ್ಳಿ ಬೀಳಬೇಕಾದ ಸಾರಿಗೆ ನಾಲ್ಕು ಲವಂಗ ಬಿದ್ದರೆ ಆಗುವ ಫಲ ಎಲ್ಲರಿಗೂ ಗೊತ್ತು.

‘ಕ್ಲೀವರ್ಸ್’ ಎಂಬ ಗಿಡವೂ ಇದೆ. ಯುರೋಪಿನ ಬೇಲಿಗಳಲ್ಲಿ ಬೆಳೆಯುವ ಈ ಕಳೆಯ ಮೈತುಂಬ ಸಣ್ಣ ಕೊಕ್ಕೆಗಳಿರುತ್ತವೆ, ಹಾದುಹೋದವರ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಮಚ್ಚಿನ ಹೆಸರು ಸೀಳುವ ಪದದಿಂದ, ಗಿಡದ ಹೆಸರು ಅಂಟುವ ಪದದಿಂದ. ಒಂದು ಅಕ್ಷರದ ವ್ಯತ್ಯಾಸದಲ್ಲಿ ಎರಡು ಕುಟುಂಬಗಳು ಅಕ್ಕಪಕ್ಕ ನಿಂತಿವೆ.

ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಕ್ಲೀವ್‌ಲ್ಯಾಂಡ್ ಎಂಬ ಪ್ರದೇಶದ ಹೆಸರನ್ನು ಸೀಳಿದ ನಾಡು ಎಂದು ಬಿಡಿಸುವ ಆಸೆಯಾಗಬಹುದು. ಅದು ಕಡಿದಾದ ಬಂಡೆಗಳ ನಾಡು, ‘ಕ್ಲಿಫ್’ ಎಂಬ ಪದದಿಂದ ಬಂದದ್ದು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರಕ್ಕಂತೂ 1796ರಲ್ಲಿ ಅಲ್ಲಿಗೆ ಬಂದ ಮೋಸೆಸ್ ಕ್ಲೀವ್‌ಲ್ಯಾಂಡ್ ಎಂಬಾತನ ಹೆಸರು.

ನಮ್ಮವರಿಗೆ ಇನ್ನೂ ದೊಡ್ಡ ಆಕರ್ಷಣೆ ಸಂಸ್ಕೃತದ ‘ಕ್ಲೀಬ’. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ‘ಕ್ಲೈಬ್ಯಂ ಮಾ ಸ್ಮ ಗಮಃ ಪಾರ್ಥ’ ಎನ್ನುತ್ತಾನಲ್ಲ, ಆ ಪದ. ಪುರುಷತ್ವ ಇಲ್ಲದವನು, ಅಂದರೆ ಕತ್ತರಿಸಿದವನು, ಆದ್ದರಿಂದ ‘ಕ್ಲೀವ್’ ಎಂದು ಜೋಡಿಸುವುದು ಎಷ್ಟು ಸುಲಭ! ಉಚ್ಚಾರವೂ ಹೊಂದುತ್ತದೆ, ಅರ್ಥವೂ ಎಳೆದರೆ ಬರುತ್ತದೆ. ಐದನೆಯ ಹೆಜ್ಜೆಯ ನಿಯಮವನ್ನು ಅನ್ವಯಿಸಿ. ಸಂಸ್ಕೃತದ ಕಕಾರಕ್ಕೆ ಇಂಗ್ಲಿಷಿನ ಸ್ವಂತ ಪದಗಳಲ್ಲಿ ಹಕಾರ ಇರಬೇಕು. ‘ಕ್ಲೀವ್’ನಲ್ಲಿ ಕಕಾರವೇ ಇದೆ. ನೆಂಟಸ್ತಿಕೆ ಅಲ್ಲಿಗೇ ಮುರಿಯಿತು. ನಿಜವಾದ ನೆಂಟರು ಇಷ್ಟೊಂದು ಒಂದೇ ತರಹ ಕಾಣುವುದಿಲ್ಲ. ಅವು ‘ಗೋ’ ಮತ್ತು ‘ಕೌ’ ಇರುವ ಹಾಗೆ ತುಸು ಬೇರೆಯಾಗಿ ಕಾಣುತ್ತವೆ. ಮುಖ ಹೋಲುತ್ತದೆಂದು ಸಂಬಂಧ ಕಟ್ಟುವ ಚಾಳಿ ನಮ್ಮಲ್ಲಿ ವ್ಯಾಪಕವಾಗಿದೆ, ಅದು ಸಂಸ್ಕೃತಕ್ಕೂ ಕನ್ನಡಕ್ಕೂ ಗೌರವ ತರುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹೆಜ್ಜೆ 7: ಪದ ಇಂದು ದುಡಿಯುತ್ತಿರುವ ಕಡೆಗೆ ಹೋಗಿ

ಬೇರು ಸಿಕ್ಕಿತು. ಇನ್ನು ಅರ್ಥದ ಅಂಚು ಎಲ್ಲಿದೆ ಎಂದು ತಿಳಿಯಬೇಕು. ‘ಕ್ಲೀವ್’ ಎಂದರೆ ಹೇಗೆ ಬೇಕಾದರೂ ಕತ್ತರಿಸುವುದಲ್ಲ. ವಸ್ತುವಿನೊಳಗೆ ಮೊದಲೇ ಇರುವ ಎಳೆಯ ಗುಂಟ, ಪದರದ ಗುಂಟ ಅದನ್ನು ಎರಡಾಗಿ ಬಿಡಿಸುವುದು. ಕಟ್ಟಿಗೆಯನ್ನು ಎಳೆಯ ಗುಂಟ ಒಡೆದರೆ ಆ ಪದ ಸರಿ. ಎಳೆಗೆ ಅಡ್ಡಲಾಗಿ ಗರಗಸದಿಂದ ಕೊಯ್ದರೆ ಅಲ್ಲ. ಕನ್ನಡದಲ್ಲೂ ಕೊಯ್ಯುವುದು, ಕಡಿಯುವುದು, ಕೊಚ್ಚುವುದು, ಕತ್ತರಿಸುವುದು ಇವೆಲ್ಲದರಿಂದ ಸೀಳುವುದು ಬೇರೆಯಾಗಿ ನಿಲ್ಲುವುದು ಇದೇ ಕಾರಣಕ್ಕೆ. ಆದ್ದರಿಂದ ಸೀಳು ಎಂಬುದೇ ಇದಕ್ಕೆ ತಕ್ಕ ಕನ್ನಡ.

ಕಾಗೆಬಂಗಾರದ ಒಂದು ತುಂಡು ಸಿಕ್ಕರೆ ಉಗುರಿನಿಂದ ಬಿಡಿಸಿ ನೋಡಿ, ಹಾಳೆ ಹಾಳೆಯಾಗಿ ಏಳುತ್ತದೆ. ಖನಿಜಶಾಸ್ತ್ರದಲ್ಲಿ ಈ ಗುಣಕ್ಕೆ ‘ಕ್ಲೀವೇಜ್’ ಎಂದು ಹೆಸರು. ಕಾಗೆಬಂಗಾರ ಒಂದೇ ದಿಕ್ಕಿನಲ್ಲಿ ಬಿಡಿಸಿಕೊಳ್ಳುತ್ತದೆ, ಕಲ್ಲುಪ್ಪು ಮೂರು ದಿಕ್ಕುಗಳಲ್ಲಿ ಒಡೆದು ಚೌಕಟ್ಟಾದ ಹರಳುಗಳಾಗುತ್ತದೆ, ವಜ್ರ ನಾಲ್ಕು ದಿಕ್ಕುಗಳಲ್ಲಿ ಸೀಳಬಲ್ಲದು. ದಕ್ಷಿಣ ಆಫ್ರಿಕಾದಲ್ಲಿ 1905ರಲ್ಲಿ ಸಿಕ್ಕಿದ ಕಲಿನನ್ ವಜ್ರ 3,106 ಕ್ಯಾರೆಟ್ ತೂಗುತ್ತಿತ್ತು, ಅಂದರೆ 621 ಗ್ರಾಂ. 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜೋಸೆಫ್ ಆಷರ್ ಅದನ್ನು ಸೀಳಿದ. ಮೊದಲು ಇನ್ನೊಂದು ವಜ್ರದಿಂದ ಸಣ್ಣ ಗೀರುಕಚ್ಚು ಮಾಡಿ, ಅದರಲ್ಲಿ ಉಕ್ಕಿನ ಅಲಗನ್ನು ಇಟ್ಟು ಬಲವಾಗಿ ಒಂದು ಪೆಟ್ಟು ಕೊಡುವುದು ಆ ವಿದ್ಯೆ. ಪದರದ ದಿಕ್ಕು ತಪ್ಪಿದರೆ ಕಲ್ಲು ಸೀಳುವುದಿಲ್ಲ, ನುಚ್ಚಾಗುತ್ತದೆ.

ನಮ್ಮ ನಗರಗಳ ರಸ್ತೆ ಬದಿಯಲ್ಲಿ ಫೈಬರ್ ಕೇಬಲ್ ಜೋಡಿಸುವ ತಂತ್ರಜ್ಞರ ಪೆಟ್ಟಿಗೆಯಲ್ಲೂ ‘ಕ್ಲೀವರ್’ ಎಂಬ ಪುಟ್ಟ ಸಾಧನವಿರುತ್ತದೆ. ಅದು ಗಾಜಿನ ಎಳೆಯ ಮೇಲೆ ಸೂಕ್ಷ್ಮವಾದ ಗೀರು ಹಾಕಿ, ಎಳೆದು ಅಥವಾ ಬಗ್ಗಿಸಿ, ನುಣುಪಾದ ನೇರ ಮುಖ ಬರುವಂತೆ ಮುರಿಯುತ್ತದೆ. ಗೀರು, ಆಮೇಲೆ ಬಿರುಕು ತಾನಾಗಿ ಓಡುವುದು: ಆಷರ್ ಮಾಡಿದ್ದೂ ಇದನ್ನೇ.

ಕಿಣ್ವಗಳು ಪ್ರೋಟೀನನ್ನೋ ಡಿಎನ್‌ಎಯನ್ನೋ ನಿರ್ದಿಷ್ಟ ಜಾಗದಲ್ಲಿ ತುಂಡರಿಸುವುದಕ್ಕೂ, ಭ್ರೂಣದ ಮೊದಲ ಕೋಶವಿಭಜನೆಗಳಿಗೂ ಜೀವಶಾಸ್ತ್ರ ಈ ಪದವನ್ನೇ ಬಳಸುತ್ತದೆ. ಇಲ್ಲಿ ‘ವಿದಳನ’ ಎಂದು ಅನುವಾದಿಸುವ ಮುನ್ನ ಯೋಚಿಸಿ. ಪರಮಾಣುವಿನ ಬೈಜಿಕ ವಿದಳನಕ್ಕೆ ಆ ಪದ ಈಗಾಗಲೇ ನೆಲೆಗೊಂಡಿದೆ. ‘ಸೀಳಿಕೆ’ ಎಂದರೆ ಓದುಗರಿಗೆ ತಟ್ಟನೆ ಹೊಳೆಯುತ್ತದೆ. ರಾಜ್ಯಶಾಸ್ತ್ರದಲ್ಲಿ ಜಾತಿ, ಧರ್ಮ, ವರ್ಗಗಳ ನಡುವಿನ ‘ಕ್ಲೀವೇಜ್’ ಬಗ್ಗೆ ಬರೆಯುವಾಗ ‘ಒಡಕು’ ಚೆನ್ನ.

ರೂಪಗಳ ಬಳಕೆ ಇಂದು ಬಹುಮಟ್ಟಿಗೆ ಹಂಚಿಹೋಗಿದೆ. ಗೊರಸಿಗೆ ಕ್ಲೋವೆನ್, ತುಟಿ ಮತ್ತು ಅಂಗುಳಕ್ಕೆ ಕ್ಲೆಫ್ಟ್, ಅಣು ಮತ್ತು ಹರಳುಗಳಿಗೆ ಕ್ಲೀವ್ಡ್. ಇವನ್ನು ಅದಲುಬದಲು ಮಾಡಿದರೆ ವ್ಯಾಕರಣ ಕೆಡದಿದ್ದರೂ ಇಂಗ್ಲಿಷ್ ಕಿವಿಗೆ ಒರಟಾಗಿ ಕೇಳುತ್ತದೆ. ಅಂಟುವ ‘ಕ್ಲೀವ್’ ನಿತ್ಯದ ಮಾತಿನಲ್ಲಿ ಬಳಕೆ ತಪ್ಪಿದೆ. ಧರ್ಮಗ್ರಂಥದ ಗಾಂಭೀರ್ಯ ಬೇಕಾದಾಗ, ನಂಬಿಕೆಯೊಂದನ್ನು ಬಿಡದೆ ಹಿಡಿದವರ ಬಗ್ಗೆ ಹೇಳುವಾಗ ಬರುತ್ತದೆ. ಗಂಡು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನು ಎಂಬ ಆದಿಕಾಂಡದ ವಾಕ್ಯದಿಂದ ಅದಕ್ಕೆ ಮದುವೆಯ ಸಂದರ್ಭದಲ್ಲಿ ಇನ್ನೂ ಜೀವವಿದೆ. ಕೀರ್ತನೆಗಳ 137ರಲ್ಲಿ, ಯೆರೂಸಲೇಮನ್ನು ಮರೆತರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಹೋಗಲಿ ಎಂದು ಸೆರೆಯಾದವರು ಹಾಡುವ ಕಡೆಯೂ ಈ ಪದವೇ ಇದೆ.

ಅಭ್ಯಾಸಕ್ಕೆ ಇನ್ನೊಂದು ಪದ

ಕಲಿತದ್ದನ್ನು ಗಟ್ಟಿಮಾಡಿಕೊಳ್ಳಲು ‘ಕಾರ್ವ್’ ತೆಗೆದುಕೊಳ್ಳಿ. ಇಂದು ಅದರ ಅರ್ಥ ಕೆತ್ತುವುದು, ಇಲ್ಲವೇ ಬೇಯಿಸಿದ ಮಾಂಸವನ್ನು ಊಟದ ಮೇಜಿನಲ್ಲಿ ಹೋಳು ಮಾಡುವುದು. ಒಂದು ಕಾಲಕ್ಕೆ ಕತ್ತರಿಸುವುದಕ್ಕೆಲ್ಲ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಪದ ಇದೇ. ಸುಮಾರು 1300ರ ಹೊತ್ತಿಗೆ ಬರವಣಿಗೆಯಲ್ಲಿ ಕಾಣಿಸಿಕೊಂಡ ‘ಕಟ್’ ಅದರ ಜಾಗವನ್ನು ಸ್ವಲ್ಪ ಸ್ವಲ್ಪವಾಗಿ ಕಸಿದುಕೊಂಡಿತು. ಐದನೆಯ ಹೆಜ್ಜೆಯಂತೆ ಮೊದಲ ಕಕಾರವನ್ನು ಗಕಾರ ಮಾಡಿ, ಕೊನೆಯ ವಕಾರವನ್ನು ಭಕಾರ ಮಾಡಿ. *ಗೆರ್ಭ್ ಸಿಗುತ್ತದೆ, ಗೀಚು ಎಂಬ ಅರ್ಥದ ಧಾತು. ಗ್ರೀಕಿನಲ್ಲಿ ಅದು ‘ಗ್ರಾಫೇನ್’, ಬರೆಯುವುದು. ಗ್ರಾಫ್, ಫೋಟೋಗ್ರಾಫ್, ಟೆಲಿಗ್ರಾಫ್ ಎಲ್ಲ ಅಲ್ಲಿಂದ ಬಂದವು. ಇನ್ನು ಇದರ ಮನೆಯವರನ್ನು ಇಂಗ್ಲಿಷಿನೊಳಗೆ ಹುಡುಕಿ. ಗರಗಸ ಮರದಲ್ಲಿ ಬಿಟ್ಟುಹೋಗುವ ಕಂಡಿಗೆ ಬಡಗಿಗಳು ಹೇಳುವ ‘ಕರ್ಫ್’ ಒಂದು ಸಿಗುತ್ತದೆ. ವಜ್ರ ಸೀಳುವವರು ಅಲಗು ಇಡುವ ಮುನ್ನ ಮಾಡುವ ಗೀರುಕಚ್ಚಿಗೂ ಅದೇ ಹೆಸರು. ಅದರ ಹಳೆಯ ರೂಪವನ್ನು ಬಾಸ್‌ವರ್ತ್-ಟಾಲರ್ ನಿಘಂಟಿನಲ್ಲಿ ನೋಡಿ, ಎರಡು ಅಂಕಣಗಳ ಅದೇ ಕಾಗದದಲ್ಲಿ ಕೆಳಗೆ ಬರೆದುಕೊಳ್ಳಿ.